ಎರಡು ಸ್ಟೂಲು

"ಟೀಚರ್, ಇದರಲ್ಲಿ ಕನ್ನಡ ತಪ್ಪುಂಟಾ ಅಂತ ಒಮ್ಮೆ ನೋಡ್ತೀರಾ?"

ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು. ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು. ನಾನು ಕಲಿಸುವುದು ಯು.ಪಿ. ತರಗತಿಗಳಿಗೆ. ಅವಳು ಐದರಿಂದ ಏಳರವರೆಗೆ ನನ್ನ ಕ್ಲಾಸಿನಲ್ಲಿದ್ದವಳು. ಹೈಸ್ಕೂಲಿಗೆ ಹೋದ ಮೇಲೂ ಭಾಷಣ, ಪ್ರಬಂಧ, ಚಾರ್ಟು ಏನಿದ್ದರೂ 'ಕನ್ನಡ ನೋಡಲಿಕ್ಕೆ' ನನ್ನ ಹತ್ತಿರ ಬರುವ ಮಕ್ಕಳು ಕೆಲವರಿದ್ದಾರೆ. ಅದೊಂದು ಖುಷಿ ನನಗೆ.

ಚಾರ್ಟು ಬಿಡಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ದೂರದಲ್ಲಿರುವ ಗಂಡ ಹೆಂಡತಿಯರಿಗಾಗಿ ಮಾತಾಡುವ ಸ್ಟೂಲು'.

ಪಕ್ಕದಲ್ಲಿದ್ದ ಟೀಚರುಗಳು ಬಗ್ಗಿ ನೋಡಿ ನಕ್ಕರು. "ಇದೆಂತ ಮಾರಾಯ್ತಿ, ಹತ್ತನೇ ಕ್ಲಾಸಿನ ಮಕ್ಕಳಿಗೆ ಬೇರೆ ಸಬ್ಜೆಕ್ಟು ಸಿಗಲಿಲ್ವಾ?" ಎಂದರು ಒಬ್ಬರು. "ವೃದ್ಧರಿಗಾಗಿ ಅಂತ ಬರಿ, ಜಡ್ಜುಗಳಿಗೆ ಇಷ್ಟ ಆಗ್ತದೆ" ಎಂದು ಇನ್ನೊಬ್ಬರ ಸಲಹೆ. ಹುಡುಗಿಯ ಮುಖ ಕೆಂಪಾಯಿತು. ನಾನೂ ಹೆಚ್ಚು ಯೋಚಿಸಲಿಲ್ಲ. ಪೆನ್ಸಿಲ್ ತೆಗೆದು 'ಗಂಡ ಹೆಂಡತಿಯರಿಗಾಗಿ' ಎಂಬಲ್ಲಿ ಗೀಟು ಹಾಕಿ ಮೇಲೆ 'ಕುಟುಂಬದವರಿಗಾಗಿ' ಎಂದು ಬರೆದು ಕೊಟ್ಟೆ.

ಅವಳು ಅದನ್ನು ನೋಡಿದಳು. ಮೆಲ್ಲಗೆ ಹೇಳಿದಳು: "ಕುಟುಂಬಕ್ಕೆ ವಾಟ್ಸಾಪ್ ಗ್ರೂಪ್ ಉಂಟು ಟೀಚರ್. ಅಪ್ಪ ಅಮ್ಮನಿಗೆ ಮಾತ್ರ ಅಂತ ಎಂತದೂ ಇಲ್ಲ."

ಆ ಮಾತು ಕೇಳಿ ನನಗೆ ಹೇಗಾಯಿತು ಎಂದು ಹೇಳಬೇಕಾದರೆ ನನ್ನ ಮನೆಯ ಕಥೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಮೊದಲು ಅವಳ ಸ್ಟೂಲಿನ ವಿಷಯ ಹೇಳಿಬಿಡುತ್ತೇನೆ.

ಕೇರಳದಲ್ಲಿ 2025ರ ಜೂನಿನಿಂದ ಹತ್ತನೇ ತರಗತಿಯ ಎಲ್ಲಾ ಮಕ್ಕಳಿಗೂ ಐ.ಸಿ.ಟಿ. ಪಾಠದಲ್ಲಿ ರೋಬೋಟಿಕ್ಸ್ ಕಡ್ಡಾಯವಾಗಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅಷ್ಟೇ. ಅದಕ್ಕೂ ಮೊದಲೇ ಲಿಟಲ್ ಕೈಟ್ಸ್ ಕ್ಲಬ್ಬಿನ ಮಕ್ಕಳಿಗೆ ಶಾಲೆಗೆ ಬಂದ ಕಿಟ್ಟಿನಲ್ಲಿ ಆಟ ಆಡಿ ಅಭ್ಯಾಸವಿತ್ತು. ಕಿಟ್ಟು ಅಂದರೆ ದೊಡ್ಡದೇನಲ್ಲ. ಆರ್ಡುಯಿನೋ ಎಂಬ ಅಂಗೈಯಗಲದ ಸರ್ಕ್ಯೂಟ್ ಬೋರ್ಡು, ಬಣ್ಣಬಣ್ಣದ ವಯರು, ಎಲ್.ಇ.ಡಿ. ಬಲ್ಬು, ಐ.ಆರ್. ಸೆನ್ಸರು, ಸರ್ವೋ ಮೋಟಾರು. ನಾನು ಟಿ.ಸಿ.ಎಚ್. ಮಾಡುವಾಗ ನಮಗೆ ಕಲಿಸಿದ್ದ 'ಕಲಿಕೋಪಕರಣ'ವೆಂದರೆ ರಟ್ಟು, ಮೈದಾ ಅಂಟು, ಬೆಂಕಿಪೊಟ್ಟಣ. ಈಗಿನ ಮಕ್ಕಳ ಬಾಯಲ್ಲಿ 'ಸರ್ವೋ' ಎಂಬ ಶಬ್ದ 'ಸೌಟು' ಎಂಬಷ್ಟು ಸಲೀಸಾಗಿ ಬರುತ್ತದೆ!

ಅವಳು ಮಾಡಿದ್ದು ಇಷ್ಟು. ಮನೆಯಿಂದ ಎರಡು ಹಳೇ ಮರದ ಸ್ಟೂಲು ತಂದಿದ್ದಳು. ಒಂದೊಂದರ ಮೇಲೂ ಸ್ಪಂಜಿನ ತುಂಡು, ಅದರ ಮೇಲೆ ತೆಳು ಹಲಗೆ. ಯಾರಾದರೂ ಕೂತರೆ ಸ್ಪಂಜು ಅಮುಕಿ ಹಲಗೆ ಕೆಳಗೆ ಬರುತ್ತದೆ. ಕೆಳಗಿರುವ ಐ.ಆರ್. ಸೆನ್ಸರು ಕಣ್ಣಿಗೆ ಕಾಣದ ಬೆಳಕನ್ನು ಬಿಡುತ್ತಾ ಇರುತ್ತದೆ. ಹಲಗೆ ಹತ್ತಿರ ಬಂದಾಗ ಆ ಬೆಳಕು ಅದಕ್ಕೆ ತಾಗಿ ವಾಪಸು ಬರುತ್ತದೆ. ಆರ್ಡುಯಿನೋ ಅದನ್ನು ತಿಳಿದು ಇನ್ನೊಂದು ಸ್ಟೂಲಿನ ಸರ್ವೋ ಮೋಟಾರಿಗೆ ಹೇಳುತ್ತದೆ. ಆ ಮೋಟಾರಿಗೆ ಕಟ್ಟಿದ ಸಣ್ಣ ಮರದ ಕಡ್ಡಿ ಸ್ಟೂಲಿನ ಕಾಲಿಗೆ ಟಕ್ ಟಕ್ ಎಂದು ಎರಡು ಸಲ ಬಡಿಯುತ್ತದೆ. ಅಷ್ಟೇ. ಮಾತಿಲ್ಲ, ಚಿತ್ರವಿಲ್ಲ. 'ನಾನಿಲ್ಲಿ ಕೂತೆ' ಎಂದು ಒಂದು ಸ್ಟೂಲು ಇನ್ನೊಂದಕ್ಕೆ ಹೇಳಿತು ಎಂದಷ್ಟೇ ಅರ್ಥ.

ಶಾಲೆಯಲ್ಲಿ ಎರಡಕ್ಕೂ ನಡುವೆ ಉದ್ದ ವಯರು. "ಇಂಟರ್ನೆಟ್ಟಿಗೆ ಬೇರೆ ಬೋರ್ಡು ಬೇಕು ಟೀಚರ್. ಅದು ಹಾಕಿದರೆ ಒಂದು ಸ್ಟೂಲು ಇಲ್ಲಿ, ಒಂದು ಕತಾರಿನಲ್ಲಿ ಇಡಬಹುದು" ಎಂದಳು. ಅವಳ ಅಪ್ಪ ಇರುವುದು ಕತಾರಿನಲ್ಲಿ. ನಮಗಿಂತ ಎರಡೂವರೆ ಗಂಟೆ ಹಿಂದೆ. ಅಪ್ಪ ಕೆಲಸ ಮುಗಿಸಿ ರೂಮಿಗೆ ಬಂದು ಕೂರುವ ಹೊತ್ತಿಗೆ ಇಲ್ಲಿ ಅಮ್ಮ ಪಾತ್ರೆ ತೊಳೆದಿಟ್ಟು, ಅಡುಗೆಮನೆ ಒರೆಸಿ ಮುಗಿಸಿರುತ್ತಾಳೆ. "ದಿನಾ ವಿಡಿಯೋ ಕಾಲ್ ಮಾಡ್ತಾರೆ ಟೀಚರ್. ಆದರೆ ಅದರಲ್ಲಿ ನಾವೆಲ್ಲ ಇರ್ತೇವೆ. ಅಜ್ಜಿಗೆ ಮಾತಾಡಬೇಕು, ತಮ್ಮನಿಗೆ ಮಾತಾಡಬೇಕು. ಅಮ್ಮ ಹಿಂದೆ ನಿಂತು ಊಟ ಆಯ್ತಾ ಅಂತ ಕೇಳ್ತಾರೆ, ಅಷ್ಟೇ."

ಹದಿನೈದು ವರ್ಷದ ಮಗು ಇದನ್ನು ಗಮನಿಸಿದ್ದಾಳಲ್ಲ!

ಆ ರಾತ್ರಿ ನಾನು ಕುತೂಹಲದಿಂದ ಹುಡುಕಿ ಓದಿದೆ. ಇದು ನಾವು ನಗುವ ಸಂಗತಿಯೇ ಅಲ್ಲ ಎಂದು ಗೊತ್ತಾಯಿತು. ಇದರ ಮೇಲೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೂವತ್ತು ವರ್ಷಗಳಿಂದ ಕೆಲಸ ನಡೆಯುತ್ತಿದೆ. 1996ರಲ್ಲಿ ರಾಬ್ ಸ್ಟ್ರಾಂಗ್ ಮತ್ತು ಬಿಲ್ ಗೇವರ್ ಎಂಬವರು ಒಂದು ಕಲ್ಪನೆ ಮುಂದಿಟ್ಟರು. ಪರವೂರಿಗೆ ಹೋದವರು ತಮ್ಮ ಜೊತೆಗಾರರ ಫೋಟೋ ಕೈಗೆತ್ತಿಕೊಂಡರೆ ಮನೆಯಲ್ಲಿ ಒಂದು ಗರಿ ಗಾಳಿಗೆ ಮೇಲೇರಿ ತೇಲುತ್ತದೆ. ಮನೆಯಲ್ಲಿದ್ದವರಿಗೆ 'ಈಗ ನನ್ನ ನೆನಪಾಯಿತು' ಎಂದು ತಿಳಿಯುತ್ತದೆ. ಮರುವರ್ಷ ಅಮೆರಿಕದ ಎಂ.ಐ.ಟಿ.ಯಲ್ಲಿ ಕ್ರಿಸ್ ಡಾಡ್ಜ್ ಎಂಬವರು ಹಾಸಿಗೆಯನ್ನೇ ದೂರದ ಇಬ್ಬರ ನಡುವಿನ ಮಾಧ್ಯಮವಾಗಿ ಮಾಡಲು ಪ್ರಯತ್ನಿಸಿದರು. ಅದೇ ಸಂಸ್ಥೆಯಲ್ಲಿ ಮರದ ಉರುಳೆಗಳ ಒಂದು ಜೋಡಿ ಉಪಕರಣವನ್ನೂ ಮಾಡಿದರು. ಒಬ್ಬರು ಇಲ್ಲಿ ಉರುಳಿಸಿದರೆ ಅಲ್ಲಿಯ ಉರುಳೆ ಇನ್ನೊಬ್ಬರ ಅಂಗೈಯ ಕೆಳಗೆ ಅದೇ ರೀತಿ ಉರುಳುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಜಪಾನಿನದ್ದು. ಟೋಕಿಯೋದ ಓಚನೊಮಿಝು ಎಂಬ ಮಹಿಳಾ ವಿಶ್ವವಿದ್ಯಾಲಯದಲ್ಲಿ ಹಿತೋಮಿ ತ್ಸುಜಿತಾ ಮತ್ತು ಸಂಗಡಿಗರು 2007ರ ಸುಮಾರಿಗೆ 'ಸಿಂಕ್‌ಡೆಕೋರ್' ಎಂಬುದನ್ನು ಮಾಡಿದರು. ದೂರದೂರಲ್ಲಿರುವ ಪ್ರೇಮಿಗಳ ಎರಡು ಮನೆಗಳಲ್ಲಿ ಒಂದೇ ತರದ ಸಾಮಾನುಗಳು. ಇಲ್ಲಿ ದೀಪ ಮಂದ ಮಾಡಿದರೆ ಅಲ್ಲಿಯ ದೀಪವೂ ಮಂದವಾಗುತ್ತದೆ. ಇಲ್ಲಿ ಕಸದ ಬುಟ್ಟಿಯ ಮುಚ್ಚಳ ತೆರೆದರೆ ಅಲ್ಲಿಯದ್ದೂ ತೆರೆಯುತ್ತದೆ! ಕಸದ ಬುಟ್ಟಿಯಲ್ಲಿ ಎಂಥ ಪ್ರೀತಿ ಎಂದು ನೀವು ಕೇಳಬಹುದು. ಆದರೆ ಒಂದೇ ಮನೆಯಲ್ಲಿ ಇರುವುದು ಎಂದರೆ ಅದೇ ತಾನೆ? ಆಚೆ ಕೋಣೆಯಲ್ಲಿ ಕಪಾಟು ತೆರೆದ ಸದ್ದು, ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು, ಚಪ್ಪಲಿ ಕಳಚಿದ ಸದ್ದು. 'ಐ ಲವ್ ಯೂ' ಎಂದು ಯಾರೂ ಇಪ್ಪತ್ನಾಲ್ಕು ಗಂಟೆ ಹೇಳುತ್ತಾ ಇರುವುದಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಮಕ್ಕಳ ಕೈಯಲ್ಲಿರುವ ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಸಂಸ್ಥೆಯಲ್ಲಿ. ಅದೇ ವರ್ಷ, ಅದೇ ಸಂಸ್ಥೆಯಲ್ಲಿ ವಿದ್ಯಾರ್ಥಿನಿಯಾಗಿದ್ದ ಅಲೆಕ್ಸಾಂಡ್ರಾ ಡೆಶಾಂ-ಸೊನ್ಸಿನೋ ಎಂಬಾಕೆ 'ಗುಡ್ ನೈಟ್ ಲ್ಯಾಂಪ್' ಎಂಬ ದೀಪದ ಯೋಜನೆ ಮಾಡಿದರು. ದೊಡ್ಡ ದೀಪ ನಿಮ್ಮ ಮನೆಯಲ್ಲಿ, ಅದರ ಮರಿ ದೀಪ ನಿಮ್ಮವರ ಮನೆಯಲ್ಲಿ. ನೀವು ದೀಪ ಹಾಕಿದರೆ ಅವರ ಮರಿ ದೀಪವೂ ಉರಿಯುತ್ತದೆ. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಅವಳ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು.

ದೂರದವರ ವಿಷಯ ಇದಾಯಿತು. ಒಂದೇ ಕೋಣೆಯಲ್ಲಿರುವವರಿಗೂ ಪೀಠೋಪಕರಣ ಮಾತಾಡಬಲ್ಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಸರ್ಕಿನ್, ವೆಂಡಿ ಜು ಮೊದಲಾದವರು 2015ರಲ್ಲಿ ಕಾಲಿಟ್ಟುಕೊಳ್ಳುವ ಮೆತ್ತನೆಯ ಮಣೆಯೊಂದಕ್ಕೆ ಚಕ್ರ ಮೋಟಾರು ಜೋಡಿಸಿ ಪ್ರಯೋಗ ಮಾಡಿದರು. ಅದು ಕೂತವರ ಹತ್ತಿರ ತಾನಾಗಿ ಬಂದು ನಿಲ್ಲುತ್ತದೆ, ಕಾಲು ಚಾಚಿ ಎಂಬಂತೆ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಅಲುಗಿ 'ಇನ್ನು ಕಾಲು ತೆಗೆಯಿರಿ' ಎಂದು ಸೂಚಿಸುತ್ತದೆ. ಮರೆಯಲ್ಲಿ ಒಬ್ಬರು ಕೂತು ಅದನ್ನು ನಡೆಸುತ್ತಿದ್ದರು. ಮಾತೇ ಇಲ್ಲದ ಆ ಮಣೆ ಹೇಗೆ ನಡೆದುಕೊಂಡರೆ ಮನುಷ್ಯರು ಏನೆಂದು ತಿಳಿಯುತ್ತಾರೆ ಎಂಬುದೇ ಅವರ ಪ್ರಶ್ನೆ.

ಇದನ್ನು ಓದುವಾಗ ನನಗೆ ನನ್ನ ಅಜ್ಜ ಅಜ್ಜಿಯ ನೆನಪು ಬಂತು. ಅಜ್ಜಿ ಒಮ್ಮೆಯೂ ಅಜ್ಜನ ಹೆಸರು ಹೇಳಿದವರಲ್ಲ. ಅಜ್ಜನೂ ಅಜ್ಜಿಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಚಾವಡಿಯಲ್ಲಿ ಅಜ್ಜನ ಆರಾಮ ಕುರ್ಚಿ ಇತ್ತು. ಮಧ್ಯಾಹ್ನದ ನಿದ್ದೆಯಿಂದ ಅಜ್ಜ ಎದ್ದರೆ ಅದು 'ಕಿರ್' ಎನ್ನುತ್ತಿತ್ತು. ಆ ಸದ್ದಿಗೆ ಅಡುಗೆಮನೆಯಲ್ಲಿ ಅಜ್ಜಿ ಕಾಫಿಗೆ ನೀರಿಡುತ್ತಿದ್ದರು. ಅಜ್ಜಿಗೆ ಸಿಟ್ಟು ಬಂದ ದಿನ ನೀರಿನ ಚೆಂಬು ಅಜ್ಜನ ಮುಂದೆ ಸ್ವಲ್ಪ ಜೋರಾಗಿ ಕೂರುತ್ತಿತ್ತು. ಅಜ್ಜ ಎಲೆಯಡಿಕೆ ತಟ್ಟೆಯನ್ನು ಅಜ್ಜಿಯ ಕಡೆಗೆ ಒಂದು ಗೇಣು ಸರಿಸಿದರೆ ಅದು ರಾಜಿಯಾದಂತೆ. ವಯರೂ ಇಲ್ಲ, ಬ್ಯಾಟರಿಯೂ ಇಲ್ಲ!

ಹಾಗಂತ 'ಹಿಂದೆ ಎಲ್ಲ ಚಂದ ಇತ್ತು' ಎಂದು ಹೇಳಲು ನಾನು ತಯಾರಿಲ್ಲ. ಕುರ್ಚಿ ಕಿರ್ ಎಂದರೆ ಕಾಫಿ ಬರಬೇಕಿತ್ತು. ಅಜ್ಜಿ ಕೂರುವ ಮಣೆ ಕಿರ್ ಎಂದರೆ ಯಾರೂ ಏಳುತ್ತಿರಲಿಲ್ಲ. ಅಜ್ಜಿಗೆ ಕಾಲು ನೋವು ಎಂಬುದು ಅಜ್ಜನಿಗೆ ಗೊತ್ತಾದದ್ದು ಅವರು ಹಾಸಿಗೆ ಹಿಡಿದ ಮೇಲೆ. ಸಾಮಾನುಗಳ ಮೂಲಕ ಆಡುವ ಮಾತು ಎಷ್ಟೋ ಸಲ ಒಂದೇ ಕಡೆಗೆ ಹರಿಯುತ್ತದೆ. ಇದನ್ನು ಮರೆಯಬಾರದು.

ಈಗ ನನ್ನ ಮನೆಯ ಕಥೆ.

ನಮ್ಮ ಕಾಸರಗೋಡಿನ ಕಡೆ ಗಲ್ಫಿನ ನಂಟಿಲ್ಲದ ಊರು ಹುಡುಕಿದರೂ ಸಿಗಲಿಕ್ಕಿಲ್ಲ. 1970ರ ದಶಕದಲ್ಲೇ ಎಸ್.ಎ. ಜಮೀಲ್ ಅವರ 'ದುಬೈ ಕತ್ತ್' ಎಂಬ ಮಾಪ್ಪಿಳ ಹಾಡು ಮಲಬಾರಿನ ಮನೆಮನೆಯಲ್ಲಿ ಕೇಳಿಸುತ್ತಿತ್ತು. ಗಲ್ಫಿನಲ್ಲಿರುವ ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಹಾಡು ಅದು. ಗಂಡನ ಉತ್ತರವೂ ಇನ್ನೊಂದು ಹಾಡಾಗಿ ಬಂತು. ಆ ಮೇಲೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುವ ಕಾಲ, ಎಸ್.ಟಿ.ಡಿ. ಬೂತಿನ ಮುಂದೆ ಕಾಯುವ ಕಾಲ, ಮಿಸ್ಡ್ ಕಾಲಿನ ಕಾಲ. ಮಿಸ್ಡ್ ಕಾಲು ನಿಮಗೆ ನೆನಪಿರಬಹುದು. ಎರಡು ರಿಂಗು ಕೊಟ್ಟು ಕಟ್ ಮಾಡುವುದು. ಖರ್ಚಿಲ್ಲ, ಮಾತಿಲ್ಲ. 'ನಿನ್ನ ನೆನಪಾಯಿತು' ಎಂದಷ್ಟೇ. ಯೋಚಿಸಿದರೆ ಆ ಹುಡುಗಿಯ ಸ್ಟೂಲಿನ ಟಕ್ ಟಕ್ ಅದೇ ಅಲ್ಲವೇ?

ಇವರು ಶಾರ್ಜಾಕ್ಕೆ ಹೋದದ್ದು 2005ರಲ್ಲಿ. ಎಲೆಕ್ಟ್ರಿಕಲ್ ಮತ್ತು ಎ.ಸಿ. ಕೆಲಸ. ಮಗನಿಗೆ ಆಗ ಒಂದು ವರ್ಷ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಹದಿನೈದು ವರ್ಷದಲ್ಲಿ ಏಳು ರಜೆ, ಅಂದರೆ ಹದಿನಾಲ್ಕು ತಿಂಗಳು. ಒಮ್ಮೆ ಏಳನೇ ಕ್ಲಾಸಿನಲ್ಲಿ ಸರಾಸರಿ ಲೆಕ್ಕ ನೋಡುತ್ತಿದ್ದಾಗ ಸುಮ್ಮನೆ ಈ ಲೆಕ್ಕವನ್ನೂ ಮಾಡಿ ನೋಡಿದ್ದೆ. ಆ ಮೇಲೆ ಮಾಡಲಿಲ್ಲ.

ಫೋನಿನಲ್ಲಿ ಮಾತಿಗೆ ಬರವಿರಲಿಲ್ಲ. ಯು.ಎ.ಇ.ಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿತ್ತು. ಬೇರೆ ಆ್ಯಪ್ ಹಾಕಿಕೊಂಡು ಮಾತಾಡುತ್ತಿದ್ದೆವು. ಗ್ಯಾಸು ಮುಗಿಯಿತು, ಮಗನ ಫೀಸು ಕಟ್ಟಿದೆ, ಹಿಂದಿನ ಮಾಡಿನ ಹಂಚು ಒಡೆದಿದೆ, ಅತ್ತೆಗೆ ಶುಗರ್ ಚೆಕ್ ಮಾಡಿಸಿದೆ, ಅಡಿಕೆಗೆ ಮದ್ದು ಬಿಡಲು ಜನ ಸಿಗುವುದಿಲ್ಲ... ದಿನಕ್ಕೆ ಅರ್ಧ ಗಂಟೆಯಾದರೂ ಮಾತು. ನಾನಂತೂ ಶಾಲೆಯಿಂದ ಬರುವಾಗ ಬಸ್ಸಿನಲ್ಲೇ ಮನಸ್ಸಿನಲ್ಲಿ ಪಟ್ಟಿ ಮಾಡಿಕೊಳ್ಳುತ್ತಿದ್ದೆ. ನಾವು ತುಂಬಾ ಮಾತಾಡುವ ದಂಪತಿ ಎಂದೇ ನಾನು ತಿಳಿದಿದ್ದೆ.

2020ರ ಜೂನಿನಲ್ಲಿ ಇವರ ಕೆಲಸ ಹೋಯಿತು. ವಂದೇ ಭಾರತ್ ವಿಮಾನದಲ್ಲಿ ಕಣ್ಣೂರಿಗೆ ಬಂದಿಳಿದರು. ಹದಿನಾಲ್ಕು ದಿನ ಮಹಡಿಯ ಕೋಣೆ ಬಿಟ್ಟು ಹೊರಗೆ ಬರುವ ಹಾಗಿರಲಿಲ್ಲ. ಕೋಣೆಯ ಹೊರಗೆ ಹಲಸಿನ ಮರದ ಒಂದು ಸ್ಟೂಲು ಇಟ್ಟಿದ್ದೆವು. ನಾನು ಅದರ ಮೇಲೆ ಊಟದ ತಟ್ಟೆ ಇಟ್ಟು, ಸ್ಟೂಲಿನ ಕಾಲಿಗೆ ಎರಡು ಸಲ ತಟ್ಟಿ ಕೆಳಗಿಳಿದು ಬರುವುದು. ಆಮೇಲೆ ಅವರು ಬಾಗಿಲು ತೆರೆದು ತೆಗೆದುಕೊಳ್ಳುವುದು. ಮೂರನೆಯ ದಿನ ಖಾಲಿ ತಟ್ಟೆಯ ಜೊತೆ ಒಂದು ಚೀಟಿ ಇತ್ತು. 'ಸಾರು ಫಸ್ಟ್ ಕ್ಲಾಸ್'. ಮರುದಿನ ನಾನು ತಟ್ಟೆಯ ಪಕ್ಕ ಅಂಗಳದ ದಾಸವಾಳದ ಹೂ ಇಟ್ಟೆ. ನಲವತ್ತು ದಾಟಿದವಳು, ಅತ್ತೆ ನೋಡದ ಹಾಗೆ! ಹದಿನಾಲ್ಕು ದಿನವೂ ಆ ಸ್ಟೂಲಿನ ಮೇಲೆ ಏನಾದರೊಂದು ಹೋಗುತ್ತಿತ್ತು, ಏನಾದರೊಂದು ಬರುತ್ತಿತ್ತು. ರಾತ್ರಿ ಮಲಗುವ ಮೊದಲು ಅವರು ಮೇಲಿನಿಂದ ಸ್ಟೂಲನ್ನು ಎರಡು ಸಲ ತಟ್ಟುತ್ತಿದ್ದರು. ಕೆಳಗೆ ನನಗೆ ಕೇಳುತ್ತಿತ್ತು.

ಹದಿನೈದನೆಯ ದಿನ ಅವರು ಕೆಳಗೆ ಬಂದರು. ಸ್ಟೂಲು ಹಿತ್ತಿಲ ಕೋಣೆಗೆ ಹೋಯಿತು.

ಅಲ್ಲಿಂದ ನಮ್ಮ ಮೌನ ಶುರುವಾಯಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಜಗಳವಿಲ್ಲ, ಸಿಟ್ಟಿಲ್ಲ. ಆದರೆ ಗ್ಯಾಸು ಮುಗಿದದ್ದು ಅವರಿಗೇ ಕಾಣುತ್ತದೆ, ಹಂಚು ಒಡೆದದ್ದೂ ಅವರಿಗೆ ಗೊತ್ತು. ಹಾಗಾದರೆ ಹೇಳುವುದೇನು? ಅವರು ಜಗಲಿಯಲ್ಲಿ ಆರಾಮ ಕುರ್ಚಿಯಲ್ಲಿ ಮೊಬೈಲು ಹಿಡಿದು ಕೂರುತ್ತಿದ್ದರು. ನಾನು ಒಳಗೆ ಮಕ್ಕಳ ನೋಟ್ಸು ತಿದ್ದುತ್ತಿದ್ದೆ. ಅತ್ತೆ ಇರುವಷ್ಟು ದಿನ "ಊಟಕ್ಕೆ ಬರಲಿಕ್ಕೆ ಹೇಳು ಅವನಿಗೆ", "ಅವಳಿಗೆ ಬಸ್ಸಿಗೆ ಹೊತ್ತಾಯಿತಂತೆ" ಎಂದು ಮಾತು ಆಚೀಚೆ ಸಾಗಿಸುತ್ತಿದ್ದರು. 2022ರಲ್ಲಿ ಅತ್ತೆ ತೀರಿಹೋದರು. ಮಗ ಮಂಗಳೂರಿನ ಹಾಸ್ಟೆಲ್ಲು ಸೇರಿದ. ಮನೆಯಲ್ಲಿ ನಾವಿಬ್ಬರೇ. ಫೋನಿನಲ್ಲಿ ಅಷ್ಟು ಮಾತಾಡಿದವರಿಗೆ ಎದುರೆದುರು ಕೂತರೆ ಮಾತೇ ಬರುವುದಿಲ್ಲ. ನಾವು ಮಾತಾಡುತ್ತಿದ್ದದ್ದು ಮನೆಯ ಬಗ್ಗೆಯೇ ಹೊರತು ನಮ್ಮ ಬಗ್ಗೆ ಅಲ್ಲ ಎಂದು ನನಗೆ ಆಗ ಹೊಳೆಯಿತು. ಗಲ್ಫಿನಿಂದ ಗಂಡ ವಾಪಸು ಬಂದರೆ ಸಾಕು ಎಂದು ಕಾಯುವ ಎಷ್ಟೋ ಮನೆಗಳಲ್ಲಿ, ಬಂದ ಮೇಲೆ ಹೀಗಾಗುತ್ತದೆಯೋ ಏನೋ. ಯಾರೂ ಹೇಳುವುದಿಲ್ಲ. ಹೇಳಲಿಕ್ಕೆ ಇದೇನು ಕಾಯಿಲೆಯಾ?

ಹಾಗಾಗಿ 'ಅಪ್ಪ ಅಮ್ಮನಿಗೆ ಮಾತ್ರ ಅಂತ ಎಂತದೂ ಇಲ್ಲ' ಎಂದು ಆ ಹುಡುಗಿ ಹೇಳಿದಾಗ ನನಗೆ ತಾಗಿತು. ನಾನು ಪೆನ್ಸಿಲಿನಿಂದ ಗೀಟು ಹಾಕಿದ್ದು ಎರಡು ಶಬ್ದಗಳಿಗೆ ಮಾತ್ರ ಅಲ್ಲ ಅನ್ನಿಸಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳನ್ನು ಹಲವಾರು ವರ್ಷ ಗಮನಿಸಿ ಒಂದು ಮಾತು ಹೇಳಿದ್ದಾರೆ. ಗಂಡ ಹೆಂಡಿರು ದಿನವಿಡೀ ಒಬ್ಬರಿಗೊಬ್ಬರು ಸಣ್ಣ ಸಣ್ಣ ಕರೆ ಕೊಡುತ್ತಾ ಇರುತ್ತಾರೆ. 'ನೋಡು, ಹಕ್ಕಿ ಬಂತು' ಎನ್ನುವುದೂ ಒಂದು ಕರೆಯೇ. ಇನ್ನೊಬ್ಬರು ಆ ಕಡೆ ತಿರುಗುತ್ತಾರೋ ಇಲ್ಲವೋ ಎಂಬುದೇ ಮುಖ್ಯ. ಹೊಸದಾಗಿ ಮದುವೆಯಾದವರನ್ನು ಆರು ವರ್ಷದ ಮೇಲೆ ಮತ್ತೆ ವಿಚಾರಿಸಿದಾಗ, ಜೊತೆಗೇ ಉಳಿದವರು ಅಂಥ ಕರೆಗಳಿಗೆ 100ಕ್ಕೆ 86 ಸಲ ತಿರುಗಿದ್ದವರು, ಬೇರೆಯಾದವರು 33 ಸಲ ಮಾತ್ರ ತಿರುಗಿದ್ದವರು ಎಂದು ಅವರ ಲೆಕ್ಕ. ನಮ್ಮ ಮನೆಯಲ್ಲಿ ತಿರುಗುವ ಮಾತು ಆಮೇಲೆ, ಕರೆಯೇ ನಿಂತುಹೋಗಿತ್ತು.

ಮರುದಿನ ಹುಡುಗಿಯನ್ನು ಕರೆದು "ಚಾರ್ಟು ನೀನು ಬರೆದ ಹಾಗೇ ಇರಲಿ" ಎಂದೆ. "ಗೀಟು ಉಜ್ಜಿ ತೆಗೆ."

ಆದರೆ ಅವಳ ಅಮ್ಮ ಶಾಲೆಗೆ ಪಿ.ಟಿ.ಎ. ಮೀಟಿಂಗಿಗೆ ಬಂದಾಗ ಬೇರೆಯೇ ಮಾತು ಕೇಳಿದೆ. ಆಕೆ ಸ್ಟೂಲು ನೋಡಿದರು. ಕೂತೂ ನೋಡಿದರು. ಆಚೆ ಟಕ್ ಟಕ್ ಎಂದಾಗ ನಕ್ಕರು. ಆಮೇಲೆ ಮಗಳು ಅತ್ತ ಹೋದ ಮೇಲೆ ನನ್ನ ಹತ್ತಿರ ಬಂದು ಹೇಳಿದರು: "ಮೇಳಕ್ಕೆ ಆಗಬಹುದು ಟೀಚರೇ. ಮನೆಗೆ ಬೇಡ. ಈಗಲೇ ಎರಡು ಸಲ ಫೋನು ತೆಗೆಯದಿದ್ದರೆ ಎಲ್ಲಿ ಹೋಗಿದ್ದೆ ಅಂತ ಕೇಳ್ತಾರೆ. ಇನ್ನು ಕೂತದ್ದಕ್ಕೂ ಎದ್ದದ್ದಕ್ಕೂ ಲೆಕ್ಕ ಹೇಳಬೇಕಾದೀತು."

ಇದು ನನಗೆ ಹೊಳೆದೇ ಇರಲಿಲ್ಲ! ನಾನು ಗರಿ, ದೀಪ ಎಂದು ಖುಷಿಪಡುತ್ತಿದ್ದೆ. ಆಕೆಗೆ ಕಂಡದ್ದು ಹಾಜರಿ ಪುಸ್ತಕ. ನೆನಪನ್ನು ತಿಳಿಸುವ ಯಂತ್ರ ಕಾವಲಿನ ಯಂತ್ರವಾಗಲು ಹೆಚ್ಚು ಹೊತ್ತು ಬೇಡ. ಒಂದು ಕಡೆಯವರಿಗೆ ಅದು ಪ್ರೀತಿ, ಇನ್ನೊಂದು ಕಡೆಯವರಿಗೆ ಅದೇ ಕಾವಲು. ಅಜ್ಜನ ಕುರ್ಚಿಯ ಕಿರ್ ಸದ್ದಿನ ಹಾಗೆ.

ಇದನ್ನು ಹುಡುಗಿಗೆ ಹೇಗೆ ಹೇಳುವುದು ಎಂದು ಎರಡು ದಿನ ಯೋಚಿಸಿದೆ. ಅಮ್ಮನ ಮಾತೆಂದು ಹೇಳಲಿಲ್ಲ. "ಸ್ಟೂಲಿನಲ್ಲಿ ಕೂರಬೇಕು, ಆದರೆ ಯಾರಿಗೂ ತಿಳಿಸುವುದು ಬೇಡ ಅಂತ ಅನ್ನಿಸಿದರೆ ಎಂತ ಮಾಡುವುದು?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅರ್ಥವಾಯಿತೋ ಏನೋ. ಮರುದಿನ ನೋಡುವಾಗ ಎರಡೂ ಸ್ಟೂಲಿನ ಬದಿಯಲ್ಲಿ ಒಂದೊಂದು ಸ್ವಿಚ್ಚು ಇತ್ತು. ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ಕೂತು, ಬೇಕೆನಿಸಿ ಸ್ವಿಚ್ಚು ಒತ್ತಿದರೆ ಮಾತ್ರ ಆ ಕಡೆ ಟಕ್ ಟಕ್. ಒತ್ತದಿದ್ದರೆ ಕೂತಿಲ್ಲ ಎಂದೂ ಅಲ್ಲ, ಕೂತಿದ್ದಾರೆ ಎಂದೂ ಅಲ್ಲ. ಇಡೀ ಯೋಜನೆಯಲ್ಲಿ ಇದೇ ಅತ್ಯಂತ ಬುದ್ಧಿವಂತಿಕೆಯ ಭಾಗ ಎಂದು ನನ್ನ ಅಭಿಪ್ರಾಯ.

ಮೇಳಕ್ಕೆ ನಾಲ್ಕು ದಿನ ಇರುವಾಗ ಹೊಸ ತೊಂದರೆ. ಮೋಟಾರು ಬಡಿಯುವ ಬದಲು ನಡುಗತೊಡಗಿತು. ಒಮ್ಮೊಮ್ಮೆ ಬೋರ್ಡು ತಾನಾಗಿ ನಿಂತು ಪುನಃ ಶುರುವಾಗುತ್ತಿತ್ತು. ಐ.ಟಿ. ನೋಡಿಕೊಳ್ಳುವ ಮೇಷ್ಟ್ರು ಚುನಾವಣಾ ಡ್ಯೂಟಿಯ ಟ್ರೈನಿಂಗಿಗೆ ಹೋಗಿದ್ದರು. ಅವಳು ಅಳುವುದೊಂದು ಬಾಕಿ. ನಾನು ಒಂದು ಸ್ಟೂಲನ್ನು ಬೋರ್ಡು ಸಮೇತ ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ.

ಇವರು ಜಗಲಿಯಲ್ಲಿ ಕೂತಿದ್ದರು. "ಅದೆಂತ?" ಎಂದರು.

"ಮಾತಾಡುವ ಸ್ಟೂಲಂತೆ. ಈಗ ಮಾತು ನಿಂತಿದೆ" ಎಂದೆ.

ಅವರು ಮೊಬೈಲು ಬದಿಗಿಟ್ಟರು. ಸ್ಟೂಲು ಮಗುಚಿ ಹಾಕಿ ವಯರು ಒಂದೊಂದಾಗಿ ನೋಡಿದರು. ಟೆಸ್ಟರು ತಂದರು. ಆಮೇಲೆ ನನಗೆ ವಿವರಿಸಲು ಸುರುಮಾಡಿದರು. "ಮೋಟಾರು ಹೊರಡುವಾಗ ಒಮ್ಮೆಲೇ ಜಾಸ್ತಿ ಕರೆಂಟು ಎಳೀತದೆ. ಈ ಸಣ್ಣ ಬ್ಯಾಟರಿಯಲ್ಲಿ ಎರಡೂ ನಡೀಲಿಕ್ಕಿಲ್ಲ. ಬೋರ್ಡಿಗೆ ಕರೆಂಟು ಸಾಲದೆ ಅದು ಕಣ್ಣು ಮುಚ್ಚಿ ತೆಗೀತದೆ. ಮೋಟಾರಿಗೆ ಬೇರೆಯೇ ಸಪ್ಲೈ ಕೊಡಬೇಕು. ಆದರೆ ನೆಗೆಟಿವ್ ಮಾತ್ರ ಎರಡರದ್ದೂ ಒಂದೇ ಕಡೆ ಸೇರಬೇಕು. ಇಲ್ಲದಿದ್ದರೆ ಒಂದು ಹೇಳಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ."

ಶಾರ್ಜಾದ ಒಂದು ಬಿಲ್ಡಿಂಗಿನಲ್ಲಿ ಇದೇ ತಪ್ಪಿನಿಂದ ಮೂರು ದಿನ ಲಿಫ್ಟಿನ ಪ್ಯಾನೆಲ್ ಕೈಕೊಟ್ಟ ಕಥೆ ಹೇಳಿದರು. ಆ ರೂಮಿನಲ್ಲಿ ಜೊತೆಗಿದ್ದವರ ಕಥೆ, ಒಬ್ಬ ರಾತ್ರಿ ಹೊತ್ತು ಮಗಳ ಫೋಟೋ ಹಿಡಿದು ಕೂರುತ್ತಿದ್ದ ಕಥೆ. "ನೀವು?" ಎಂದು ಕೇಳಿದೆ. "ನಾನೆಂತ, ನಿನ್ನ ಫೋನು ಕಟ್ ಆದ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಇರ್ತಿದ್ದೆ" ಎಂದರು. ಹದಿನೈದು ವರ್ಷದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ. ಗಡಿಯಾರ ನೋಡಿದರೆ ಒಂಬತ್ತೂವರೆ. ಅನ್ನಕ್ಕೆ ನೀರೂ ಇಟ್ಟಿರಲಿಲ್ಲ!

2025ರ ಅಕ್ಟೋಬರಿನಲ್ಲಿ ಉಪಜಿಲ್ಲಾ ಶಾಸ್ತ್ರೋತ್ಸವ. ಮೌಲ್ಯಮಾಪನಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಚಾರ್ಟು ಓದಲಾರರು. ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಹೊಸತಲ್ಲ. ಅವಳು ತನಗೆ ಬರುವ ಮಲಯಾಳದಲ್ಲಿ ತಡವರಿಸುತ್ತಾ ಹೇಳಿದಳು. ಸೆನ್ಸರು, ಸರ್ವೋ ಎಲ್ಲ ಹೇಳಿದ ಮೇಲೆ ಯಾರಿಗಾಗಿ ಎಂದು ಕೇಳಿದರು. 'ಗಂಡ ಹೆಂಡತಿ' ಎಂಬ ಶಬ್ದ ಬಾಯಿಗೆ ಬರಲಿಲ್ಲವೋ, ನಾಚಿಕೆಯೋ, ಅವಳು ಸುಮ್ಮನೆ ಒಂದು ಸ್ಟೂಲಿನಲ್ಲಿ ಅವರನ್ನು ಕೂರಿಸಿ, ತಾನು ಇನ್ನೊಂದರಲ್ಲಿ ಕೂತು ಸ್ವಿಚ್ಚು ಒತ್ತಿದಳು. ಟಕ್ ಟಕ್. ಅವರು ಒಂದು ಕ್ಷಣ ಸುಮ್ಮನಿದ್ದು ತಾವೂ ಒತ್ತಿದರು. ಎ ಗ್ರೇಡ್ ಬಂತು, ಮುಂದಿನ ಹಂತಕ್ಕೆ ಆಯ್ಕೆಯಾಗಲಿಲ್ಲ. ಅವಳಿಗೆ ಬೇಸರವಾಯಿತು. ನನಗೂ ಆಯಿತು.

ಕತಾರಿಗೆ ಸ್ಟೂಲು ಹೋಗಲಿಲ್ಲ. ಆದರೆ ಅವಳ ಅಮ್ಮ ಮೊನ್ನೆ ಸಿಕ್ಕಿದವರು ಒಂದು ಮಾತು ಹೇಳಿದರು. ಮಗಳು ಈಗ ರಾತ್ರಿ ಹತ್ತು ಗಂಟೆಗೆ ಫೋನನ್ನು ಅಮ್ಮನ ಕೈಗೆ ಕೊಟ್ಟು, ಅಜ್ಜಿಯನ್ನೂ ತಮ್ಮನನ್ನೂ ಕರೆದುಕೊಂಡು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳಂತೆ. ಹದಿನೈದು ನಿಮಿಷ. ಯಂತ್ರವಿಲ್ಲದೆ ಅವಳು ಮಾಡಿದ ಈ ಕೆಲಸಕ್ಕೆ ನಾನಾದರೆ ಎ ಪ್ಲಸ್ ಕೊಡುತ್ತಿದ್ದೆ.

ಯಂತ್ರದ ಸ್ಟೂಲು, ನಡೆಯುವ ಮಣೆ, ಜೋಡಿ ದೀಪ ಇವೆಲ್ಲ ಬೇಕೋ ಬೇಡವೋ ಎಂದು ತೀರ್ಪು ಕೊಡುವಷ್ಟು ನಾನು ಕಲಿತವಳಲ್ಲ. ಅವು ಮಾತು ಕಲಿಸುವುದಿಲ್ಲ ಎಂದು ಮಾತ್ರ ನನಗೆ ಕಂಡಿದೆ. ಬಾಗಿಲು ತಟ್ಟುವಷ್ಟು ಕೆಲಸ ಮಾಡಬಲ್ಲವು. ತೆರೆಯುವುದು ಒಳಗಿದ್ದವರ ಇಷ್ಟ. ಆ ಇಷ್ಟಕ್ಕೆ ಒಂದು ಸ್ವಿಚ್ಚು ಇರಲೇಬೇಕು.

ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿದ್ದ ಹಲಸಿನ ಮರದ ಸ್ಟೂಲನ್ನು ಕಳೆದ ತಿಂಗಳು ಹೊರಗೆ ತೆಗೆದೆ. ಧೂಳು ಒರೆಸಿ ಜಗಲಿಯಲ್ಲಿ ಅವರ ಆರಾಮ ಕುರ್ಚಿಯ ಪಕ್ಕ ಇಟ್ಟೆ. ನೋಟ್ಸು ತಿದ್ದುವುದನ್ನು ಈಗ ಅಲ್ಲೇ ಕೂತು ಮಾಡುತ್ತೇನೆ. ಮೊದಲ ದಿನ ಅವರು ಕೇಳಿದರು, "ಎಂತ?"

"ಎಂತ ಇಲ್ಲ. ಸುಮ್ಮನೆ ಕೂತದ್ದು" ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಅವರು ಕೈ ಚಾಚಿ ಸ್ಟೂಲಿನ ಕಾಲಿಗೆ ಎರಡು ಸಲ ತಟ್ಟಿದರು.